ದೈವಕ್ಕೆ ಹೇಳುವ ಮುಂಚೆ ತೆಗೆದ ಫೋಟೋ

ಹಲ್ಲು ನೋವು ಬಂದವನಿಗೆ ಊರೆಲ್ಲ ವೈದ್ಯರೇ. ಒಬ್ಬ ಲವಂಗ ಇಡು ಎನ್ನುತ್ತಾನೆ, ಇನ್ನೊಬ್ಬ ಉಪ್ಪುನೀರು ಮುಕ್ಕಳಿಸು ಎನ್ನುತ್ತಾನೆ, ಮತ್ತೊಬ್ಬ ಕಿತ್ತು ಬಿಸಾಡು ಎನ್ನುತ್ತಾನೆ. ಎಲ್ಲರ ಮಾತನ್ನೂ ಕೇಳಿ, ಎಲ್ಲವನ್ನೂ ಮಾಡಿ ನೋಡಿ, ಕೆನ್ನೆ ಬನ್ನಿನ ಹಾಗೆ ಊದಿದ ಮೇಲೆ ಮುಂಬೈ ಪಕ್ಕದ ಡೊಂಬಿವಲಿ ಪೂರ್ವದ ಜನ ಜಯಲತಾಳ ದವಾಖಾನೆಯ ಮೆಟ್ಟಿಲು ಹತ್ತುತ್ತಿದ್ದರು. ಕೆಳಗೆ ಸೇವು, ಚಿಕ್ಕಿ ಮಾರುವ ಫರಸಾಣದ ಅಂಗಡಿ, ಮೇಲೆ ಹಲ್ಲಿನ ದವಾಖಾನೆ. ಕೆಳಗೆ ಚಿಕ್ಕಿ ಕಡಿದು ಹಲ್ಲು ಮುರಿದುಕೊಳ್ಳಿ, ಮೇಲೆ ಹೋಗಿ ಕೀಳಿಸಿಕೊಳ್ಳಿ ಎಂದು ರಿಕ್ಷಾದವರು ನಗುತ್ತಿದ್ದರು.

ಜಯಲತಾಳ ತಂದೆ ಮೋಹನದಾಸ ತುಳುನಾಡಿನ ಕಟಪಾಡಿ ಕಡೆಯವರು. ಶಹಾಡ್ ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಮೊದಲು ಟೇಬಲ್ ಒರೆಸಿ, ಆಮೇಲೆ ಚಹಾ ಹೊತ್ತು, ಕೊನೆಗೆ ದುಡ್ಡು ಎಣಿಸುವ ಗಲ್ಲೆಯ ಮೇಲೆ ಕುಳಿತವರು. ಮಿಲ್ಲಿನ ಪಾಳಿ ಮುಗಿಸಿ ಬಂದ ಗಿರಾಕಿಗಳ ಮುಖ ನೋಡಿಯೇ ಇವನಿಗೆ ಇಡ್ಲಿ, ಇವನಿಗೆ ಬರೀ ಚಹಾ ಎಂದು ಒಳಗೆ ಕೂಗಿ ಹೇಳುತ್ತಿದ್ದರು. ಮಗಳಿಗೆ ಬಂದ ಗುಣವೂ ಅದೇ. ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿ, ತುಳು ಅರ್ಥವಾಗುತ್ತಿತ್ತು, ನಾಲಗೆಗೆ ಬರುತ್ತಿದ್ದುದು ಕನ್ನಡ. ನೆರೂಳಿನ ಕಾಲೇಜಿಗೆ ಸೀಟು ಸಿಕ್ಕಾಗ ದಿನಾ ಕುರ್ಲಾದಲ್ಲಿ ಗಾಡಿ ಬದಲಿಸಿ, ಹಾರ್ಬರ್ ಲೈನಿನ ನೂಕುನುಗ್ಗಲಿನಲ್ಲಿ ಪುಸ್ತಕವನ್ನು ಎದೆಗವಚಿಕೊಂಡು ಓದಿದಳು.

ಆ ಕಾಲೇಜಿನಲ್ಲಿ ಎಕ್ಸ್‌-ರೇ ಕಲಿಸುತ್ತಿದ್ದ ಒಬ್ಬ ಮುದಿ ಮೇಷ್ಟ್ರಿದ್ದರು. ಗುಂಡಿ ಒತ್ತಲು ಕೈ ಚಾಚಿದ ಹುಡುಗರ ಮಣಿಕಟ್ಟು ಹಿಡಿದು ಅವರು ಕೇಳುತ್ತಿದ್ದುದು ಒಂದೇ ಮಾತು: "ಈ ಫೋಟೋ ನೋಡಿದ ಮೇಲೆ ನೀನು ಮಾಡುವ ಕೆಲಸ ಬದಲಾಗುತ್ತದೋ?" ಬದಲಾಗುವುದಿಲ್ಲ ಎಂದರೆ ಬರೀ ಕುತೂಹಲಕ್ಕೆ ಯಾರ ಮೈಮೇಲೂ ಕಿರಣ ಹಾಯಿಸಬಾರದು. ಬದಲಾಗುತ್ತದೆ ಎಂದರೆ ರೋಗಿ ಅತ್ತರೂ ಬೈದರೂ ತೆಗೆಯಬೇಕು. ಬೇರೆಯವರಿಗೆ ಅದು ಪರೀಕ್ಷೆಯ ಉತ್ತರವಾಯಿತು. ಜಯಲತಾಳಿಗೆ ಬದುಕುವ ಕ್ರಮವೇ ಆಯಿತು.

ಆದರೆ ಕಾಲ ಬೇರೆಯಿತ್ತು. ಖಾರಘರ, ನೆರೂಳ ಕಡೆ ತಲೆಯ ಸುತ್ತ ಗಿರ್ರನೆ ತಿರುಗಿ ಮೂವತ್ತೆರಡೂ ಹಲ್ಲಿನ ಪೂರಾ ಚಿತ್ರ ತೆಗೆಯುವ ಮಷೀನು ಬಂದಿತ್ತು. ಅಲ್ಲಿಗೆ ಹೋಗಿ ಬಂದವರು ಆ ದೊಡ್ಡ ಫಿಲ್ಮನ್ನು ಮದುವೆ ಆಲ್ಬಮ್ಮಿನ ಹಾಗೆ ಮನೆಮನೆಗೆ ತೋರಿಸುತ್ತಿದ್ದರು. ಫೋಟೋ ತೆಗೆಯದ ಡಾಕ್ಟರು ಡಾಕ್ಟರೇ ಅಲ್ಲ ಎಂಬಂತಾಗಿತ್ತು.

"ಪೈಲೇ ಫೋಟೋ ಕಾಢಾ ನಾ, ಮೇಡಮ್" ಮೊದಲು ಫೋಟೋ ತೆಗೆಯಿರಿ ಎಂದು ಮರಾಠಿಯಲ್ಲಿ, ಕುರ್ಚಿಗೆ ಒರಗುವ ಮೊದಲೇ ಬಾಯಿ ತೆರೆಯುವವರು ಎಷ್ಟೋ ಮಂದಿ.

"ಮೊದಲು ಬಾಯಿ ನೋಡುವಾ, ಆಮೇಲೆ ಫೋಟೋ. ಹೆಣ್ಣು ನೋಡ್ಲಿಕ್ಕೆ ಬಂದವರು ಫೋಟೋ ಮಾತ್ರ ನೋಡಿ ಹೋಗ್ತಾರಾ?" ಎನ್ನುತ್ತಿದ್ದಳು ಜಯಲತಾ. ಕನ್ನಡಿಯ ಹಿಡಿಯಿಂದ ಹಲ್ಲಿಗೆ ಮೆಲ್ಲಗೆ ತಟ್ಟುವಳು. ಮಂಜುಗಡ್ಡೆಯ ಚೂರು ಮುಟ್ಟಿಸುವಳು. ಬಿಸಿ ಚಹಾಕ್ಕೆ ನೋವೋ, ಕುಲ್ಫಿಗೋ? ಮಲಗಿದರೆ ಹೆಚ್ಚೋ, ಕುಳಿತರೋ? ಹೀಗೆ ಕೇಳಿ ಕೇಳಿ ಕಳ್ಳ ಯಾವ ಮನೆಯಲ್ಲಿ ಅಡಗಿದ್ದಾನೆ ಎಂದು ಬಾಗಿಲಲ್ಲೇ ಗುರುತಿಸಿದರೆ ಫೋಟೋ ಯಾಕೆ?

ಅವಳ ಕೈಕೆಳಗೆ ಕೆಲಸಕ್ಕಿದ್ದವಳು ಸಾಬವ್ವ, ಇಂಡಿ ತಾಲೂಕಿನವಳು. ಉಪಕರಣ ತೊಳೆಯುವುದು, ಹೆಸರು ಕೂಗುವುದು, ಅಳುವ ಮಕ್ಕಳ ಕೈಕಾಲು ಹಿಡಿಯುವುದು ಅವಳ ಪಾಲು. ಎಲ್ಲಕ್ಕೂ ಗಟ್ಟಿಗಿತ್ತಿ, ಆದರೆ ಎಕ್ಸ್‌-ರೇ ಮಷೀನಿನ ಕೈ ಎಳೆಯುವ ಸದ್ದು ಕೇಳಿದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಟ.

"ಎಲ್ಲಿಗೆ ಹೋದ್ಯೇ?"

"ಹೊರಗ ಹೋಗಿ ನಿಂತೀನ್ರಿ ಬಾಯಾರ. ಕಣ್ಣಿಗಿ ಕಾಣಲಾರದ್ದು ಮೈಯಾಗ ಹೋಗ್ತದಂದ್ರ ನನಗ ಆಗಿ ಬರೂದಿಲ್ರಿ. ನೀವು ಕಲತವರು, ನೀವು ನಿಂದರ್ರಿ."

ಒಂದು ವರ್ಷದ ಜುಲೈ ತಿಂಗಳು. ಮಳೆ ಹಿಡಿದಿತ್ತು, ಗಾಡಿಗಳು ತಡವಾಗಿ ಓಡುತ್ತಿದ್ದವು, ದವಾಖಾನೆಯ ಬೆಂಚಿನ ಮೇಲೆ ಒದ್ದೆ ಕೊಡೆಗಳು. ಆಗ ಬಂದವರು ಲೋಲಾಕ್ಷಿ ಮತ್ತು ಅವರ ಸೊಸೆ ರಮಿತಾ.

ಲೋಲಾಕ್ಷಿಯನ್ನು ಜಯಲತಾ ಚಿಕ್ಕಂದಿನಿಂದ ಕಂಡವಳು. ಅವರ ಗಂಡ ಶಹಾಡಿನಲ್ಲೇ ಕಾರ್ಖಾನೆಯ ಕ್ಯಾಂಟೀನು ನಡೆಸಿ, ಈಚೆಗೆ ತೀರಿಕೊಂಡಿದ್ದರು. ಮಗ ರಿತೇಶ್ ಖಾರಘರದ ಹೋಟೆಲೊಂದರಲ್ಲಿ ವೇಟರುಗಳ ಮೇಲಿನ ಕ್ಯಾಪ್ಟನ್. ವಾರಕ್ಕೊಮ್ಮೆ ಮನೆಗೆ ಬರುವವನು. ರಮಿತಾ ಮದುವೆಯಾಗಿ ಮುಂಬೈಗೆ ಬಂದು ಒಂದೂವರೆ ವರ್ಷವಾಗಿತ್ತು. ಒಳ್ಳೆಯ ಸಾಧು ಹುಡುಗಿ, ಕೇಳಿದರೆ ಉತ್ತರ, ಇಲ್ಲವಾದರೆ ಇಲ್ಲ. ಅವತ್ತು ಆ ಉತ್ತರಕ್ಕೂ ಬಾಯಿ ತೆರೆಯುತ್ತಿರಲಿಲ್ಲ. ಬಲಗೆನ್ನೆ ಕಿವಿಯ ಬುಡದಿಂದ ಗದ್ದದವರೆಗೆ ಊದಿ, ಚರ್ಮ ಹೊಳೆಯುತ್ತಿತ್ತು. ಜ್ವರವೂ ಇತ್ತು.

ಕಷ್ಟಪಟ್ಟು ತೆರೆದ ಬಾಯಿಯೊಳಗೆ ಜಯಲತಾ ನೋಡಿದಳು. ಅರ್ಧ ಹೊರಬಂದು ಓರೆಯಾಗಿ ನಿಂತ ಬುದ್ಧಿಹಲ್ಲು ಒಂದು. ಅದರ ಮುಂದೆ ಎಂದೋ ಊರಿನಲ್ಲಿ ಸಿಮೆಂಟು ತುಂಬಿಸಿದ ದವಡೆಹಲ್ಲು ಒಂದು. ತಟ್ಟಿದರೆ ಎರಡಕ್ಕೂ ಹುಡುಗಿ ಕಿರುಚಿದಳು. ಬುದ್ಧಿಹಲ್ಲಿನದಾದರೆ ವಸಡು ತೊಳೆದು ಕಾಯಬೇಕು. ದವಡೆಹಲ್ಲಿನದಾದರೆ ಈಗಲೇ ಕೊರೆದು ಕೀವಿಗೆ ದಾರಿ ಮಾಡಬೇಕು. ತಡವಾದರೆ ಕೀವು ಗಂಟಲಿಗಿಳಿಯುತ್ತದೆ. ತಪ್ಪು ಹಲ್ಲು ಕೊರೆದರೆ ನೋವಿನ ಮೇಲೆ ಬರೆ. ಇಲ್ಲಿ ಫೋಟೋ ನೋಡಿಯೇ ಕೈ ಮುಂದೆ ಹೋಗಬೇಕು. ಇದರಲ್ಲಿ ಎರಡು ಮಾತಿಲ್ಲ.

ಮದುವೆಯಾದ ಹೆಣ್ಣುಮಕ್ಕಳಿಗೆ ತಪ್ಪದೆ ಕೇಳುವ ಪ್ರಶ್ನೆಯನ್ನು ಜಯಲತಾ ಕೇಳಿದಳು.

"ರಮಿತಾ, ವಿಶೇಷ ಏನಾದ್ರೂ ಉಂಟಾ?"

ರಮಿತಾಳ ಕಣ್ಣು ಅತ್ತೆಯ ಕಡೆ ಹೋಯಿತು. ಉತ್ತರ ಬಂದದ್ದು ಅತ್ತೆಯ ಬಾಯಿಂದ.

"ಹೇ, ಎಂತದೂ ಇಲ್ಲ ಡಾಕ್ಟ್ರೇ. ಎಂತ ವಿಶೇಷ? ಬೆಳಿಗ್ಗೆ ಎದ್ದ ಕೂಡ್ಲೆ ಸ್ವಲ್ಪ ಪಿತ್ತ ಕಾರ್ತಾಳೆ, ಅಷ್ಟೆ. ಜೋರಿನ ಮಾತ್ರೆ ಮಾತ್ರ ಬರೀಬೇಡಿ ಆಯ್ತಾ? ಅವಳ ಹೊಟ್ಟೆ ಭಾರೀ ನಾಜೂಕು."

"ಅಲ್ವಾ ರಮಿತಾ?" ಎಂದು ಜಯಲತಾ ಮತ್ತೆ ಕೇಳಿದಳು.

ಹುಡುಗಿ ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ, ಆ ಊದಿದ ಮುಖದಲ್ಲಿ ಯಾರಿಗೆ ತಿಳಿಯಬೇಕು? ಹೊರಗೆ ಬೆಂಚು ತುಂಬಿತ್ತು. ಜಯಲತಾ ಎಲ್ಲ ಹೆಂಗಸರಿಗೆ ಮಾಡುವಂತೆ ಕತ್ತಿನಿಂದ ಮಂಡಿಯವರೆಗೆ ಸೀಸದ ಭಾರದ ಏಪ್ರನ್ ಹೊದಿಸಿ ಫೋಟೋ ತೆಗೆದಳು. ನಾಲಗೆ ಅಲುಗಿ ಮೊದಲನೆಯದು ಕೆಟ್ಟಿತು. ಎರಡನೆಯದರಲ್ಲಿ ದವಡೆಹಲ್ಲಿನ ಬೇರಿನ ತುದಿಯಲ್ಲಿ ಕಪ್ಪು ಚೀಲ ಸ್ಪಷ್ಟವಾಗಿ ಕಂಡಿತು. ಹಲ್ಲು ಕೊರೆದ ಕೂಡಲೇ ಕೀವು ಹರಿದು, ರಮಿತಾ ಆ ವಾರದಲ್ಲಿ ಮೊದಲ ಬಾರಿ ನಿಡಿದಾದ ಉಸಿರು ಬಿಟ್ಟಳು. ಸೌಮ್ಯವಾದ ಮಾತ್ರೆಗಳನ್ನೇ ಬರೆದುಕೊಟ್ಟು, ಬೇರಿನ ಉದ್ದ ನೋಡಿ ಸ್ವಚ್ಛ ಮಾಡಬೇಕು, ಮುಂದಿನ ವಾರ ಬನ್ನಿ ಎಂದಳು ಜಯಲತಾ.

ಮುಂದಿನ ವಾರ ಅವರು ಬರಲಿಲ್ಲ. ನೋವು ಹೋದ ಮೇಲೆ ಹಲ್ಲಿನ ಡಾಕ್ಟರನ್ನು ಯಾರು ನೆನೆಯುತ್ತಾರೆ ಎಂದು ಜಯಲತಾಳೂ ಸುಮ್ಮನಾದಳು.

ಮಳೆ ಸ್ವಲ್ಪ ಬಿಟ್ಟ ಒಂದು ಸಂಜೆ ಲೋಲಾಕ್ಷಿ ಮೆಟ್ಟಿಲು ಹತ್ತಿ ಬಂದರು. ಹಿಂದೆ ರಮಿತಾ. ಕೆನ್ನೆ ಸರಿಯಾಗಿತ್ತು, ಮುಖ ಮಾತ್ರ ಸುಟ್ಟ ಬಾಳೆಲೆಯಂತಿತ್ತು.

"ನಂಬರ್ ಹಚ್ಚರೀ ಅಮ್ಮಾರ, ಮಂದಿ ಕುಂತಾರ" ಎಂದಳು ಸಾಬವ್ವ.

"ನಿನ್ನ ನಂಬರ್ ನೀನೇ ಇಟ್ಕೋ! ನಾನು ಹಲ್ಲು ತೋರಿಸ್ಲಿಕ್ಕೆ ಬಂದದ್ದಲ್ಲ. ಡಾಕ್ಟ್ರೇ, ಆವತ್ತು ತೆಗೆದ ಫೋಟೋ ಕೊಡಿ. ನಾಳೆ ಕಲ್ಯಾಣಿನ ಆಸ್ಪತ್ರೆಯಲ್ಲಿ ತೋರಿಸ್ಬೇಕು."

"ಹಲ್ಲಿನ ಫೋಟೋ ಅಲ್ಲಿ ಯಾಕೆ ಲೋಲಾಕ್ಷಕ್ಕ?"

"ಯಾಕೆ ಅಂತ ನನ್ನ ಕೇಳ್ತೀರಾ? ಬಸುರಿಗೆ ಕಿರಣ ಕೊಟ್ಟದ್ದು ಯಾರು? ಒಂದಲ್ಲ, ಎರಡು ಸಲ! ಇವಳ ವಾಂತಿ ನೋಡಿ ಮೇಲಿನ ಮನೆಯ ಮರಾಠಿ ಕಾಕೂಗೆ ಎಲ್ಲ ತಿಳೀತು. ಅವಳೇ ಹೇಳಿದ್ಳು, ಅವಳ ಸಂಬಂಧದಲ್ಲಿ ಒಬ್ಬಳಿಗೆ ಹೀಗೇ ಆಗಿ ಮಗುವಿಗೆ ಕೈಯೇ ಇರ್ಲಿಲ್ವಂತೆ. ಕೈಯಿಲ್ಲದ ಮಗುವನ್ನು ಹೆತ್ತು ಜೀವಮಾನ ಅಳುವುದಕ್ಕಿಂತ ಈಗಲೇ ತೆಗೆಸುವುದು ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ. ನಾಳೆ ಬೆಳಿಗ್ಗೆ ಬರ್ಲಿಕ್ಕೆ ಹೇಳಿದ್ದಾರೆ."

ಬೆಂಚಿನ ಮೇಲಿದ್ದವರು ಹಲ್ಲುನೋವು ಮರೆತು ನೋಡತೊಡಗಿದರು. ಫೋಟೋದ ಭಯ ಜಯಲತಾಳಿಗಿರಲಿಲ್ಲ. ಮೊದಲು ಹೊಳೆದದ್ದು ಮಾತ್ರೆ. ಅವತ್ತು ಏನು ಬರೆದೆ? ಸೌಮ್ಯವಾದದ್ದೇ. ಬಸುರಿಗೂ ಕೊಡಬಹುದಾದದ್ದೇ. ಸದ್ಯ! ಆದರೆ ನಾಳೆ ಬೆಳಿಗ್ಗೆ ಯಾವ ತಪ್ಪೂ ಇಲ್ಲದ ಒಂದು ಜೀವ ಹೋಗುತ್ತದೆ, ತಾನು ತೆಗೆದ ಬೆರಳುಗುರಿನಷ್ಟು ಫೋಟೋದ ಹೆಸರಿನಲ್ಲಿ.

ಅದಕ್ಕಿಂತ ಹೆಚ್ಚಾಗಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಮೂರು ತಿಂಗಳು ತುಂಬಿ, ಊರಿನ ಮನೆದೈವಕ್ಕೆ ಕೈಮುಗಿದು ಹೇಳುವ ತನಕ ಬಸುರಿನ ಸುದ್ದಿ ಬಾಯಿ ಬಿಡಬಾರದು ಎಂಬ ಕಟ್ಟು ಲೋಲಾಕ್ಷಿಯ ಮನೆಯಲ್ಲಿ ಮಾತ್ರ ಇದ್ದದ್ದಲ್ಲ, ಮೋಹನದಾಸರ ಮನೆಯಲ್ಲೂ ಇತ್ತು. ತನ್ನ ಮಗಳು ಹೊಟ್ಟೆಯಲ್ಲಿದ್ದಾಗ ಜಯಲತಾಳೇ ದಿನವಿಡೀ ಮಷೀನಿನಿಂದ ದೂರ ನಿಂತು, ಸಾಬವ್ವ ಕೇಳಿದರೆ ಬೆನ್ನುನೋವು ಎಂದು ಸುಳ್ಳು ಹೇಳಿರಲಿಲ್ಲವೇ? ಹಾಗಿದ್ದೂ ಅತ್ತೆಯ ಎದುರಿಗೆ ಸೊಸೆಯನ್ನು ಕೇಳಿದ್ದಳು. ಬಾಯಿಗೆ ಬೀಗ ಹಾಕಿ ಬಂದವರ ಹತ್ತಿರ ಬೀಗದ ಕೈ ಕೇಳದೆ ಬಾಗಿಲು ತಟ್ಟಿದ ಹಾಗೆ.

"ಸಾಬವ್ವ, ಇವರಿಗೆಲ್ಲ ನಾಳೆ ಬರ್ಲಿಕ್ಕೆ ಹೇಳು. ತುಂಬ ನೋವಿದ್ದವರು ಕೂತಿರಲಿ. ಲೋಲಾಕ್ಷಕ್ಕ, ಫೋಟೋ ಕೊಡ್ತೇನೆ. ಮೊದಲು ರಮಿತಾಳ ಹಲ್ಲು ನೋಡ್ತೇನೆ. ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ."

"ನಾನ್ಯಾಕೆ ಹೊರಗೆ?"

"ಹಲ್ಲು ಅವಳದ್ದಲ್ವಾ?"

ಬಾಗಿಲು ಹಾಕಿದ ಮೇಲೆ ಜಯಲತಾ ಹಲ್ಲು ನೋಡಲಿಲ್ಲ. ಸ್ಟೂಲು ಎಳೆದು ರಮಿತಾಳ ಎದುರು ಕುಳಿತಳು.

"ಆವತ್ತು ನಿನ್ನ ಒಬ್ಬಳನ್ನೇ ಕೇಳ್ಬೇಕಿತ್ತು. ಕೇಳ್ಲಿಲ್ಲ. ಈಗ ಕೇಳ್ತೇನೆ. ನಿನಗೆಂತ ಬೇಕು?"

ರಮಿತಾ ಮಡಿಲಲ್ಲಿದ್ದ ಕರ್ಚೀಫನ್ನು ಬಿಚ್ಚಿದಳು, ಮಡಿಸಿದಳು. ಮದುವೆಯಾಗಿ ಬಂದಾಗಿನಿಂದ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲವೋ ಏನೋ, ಉತ್ತರ ಹುಡುಕಲು ಹೊತ್ತು ಹಿಡಿಯಿತು.

"ನಂಗೆ ಮಗು ಬೇಕು ಅಕ್ಕ" ಎಂದಳು. "ಕೈ ಇಲ್ಲದಿದ್ರೂ ಬೇಕು. ಆದ್ರೆ ಹಾಗೆ ಹೇಳಿದ್ರೆ, ನಿನಗೆ ಮಗುವಿನ ಮೇಲೆ ದಯೆ ಇಲ್ವಾ ಅಂತ ಕೇಳ್ತಾರೆ. ಅಮ್ಮ ಹೇಳಿದ ಹಾಗೆ ಮಾಡು ಅಂತ ರಿತೇಶ್ ಫೋನಲ್ಲಿ ಹೇಳಿದ್ರು. ನಾನೇ ಅಲ್ವಾ ಆವತ್ತು ತಲೆ ಆಡಿಸಿದ್ದು?"

"ಕೈ ಇರ್ತದೆ. ನನ್ನ ಫೋಟೋದಿಂದ ಅದರ ಒಂದು ಉಗುರೂ ಕಡಿಮೆಯಾಗುವುದಿಲ್ಲ. ಇದನ್ನು ನಿನ್ನ ಅತ್ತೆಗೆ ಹೇಳಿ ಒಪ್ಪಿಸ್ಬೇಕು, ಅಷ್ಟೆ ಕಷ್ಟ."

"ಅಷ್ಟೆ ಅಲ್ಲ, ಅದೇ ಕಷ್ಟ" ಎಂದಳು ರಮಿತಾ. ಅಳುತ್ತಲೇ ಅವಳಿಗೆ ಅರ್ಧ ನಗು ಬಂತು.

ಲೋಲಾಕ್ಷಿಯನ್ನು ಒಳಗೆ ಕರೆದದ್ದಾಯಿತು. ಜಯಲತಾ ರಮಿತಾಳನ್ನು ಹೊರಗೆ ಕಳಿಸಿ, ಕುರ್ಚಿಯ ಮೇಲೆ ಒಂದು ದಿಂಬು ಮಲಗಿಸಿದಳು. ದಿಂಬಿನ ನಡುವೆ ಹೊಸ ಫಿಲ್ಮೊಂದನ್ನು ಇಟ್ಟು, ಮೇಲೆ ಸೀಸದ ಏಪ್ರನ್ ಹೊದಿಸಿದಳು. ತಲೆ ಇರುವ ಜಾಗದಲ್ಲಿ, ಎಂದೋ ಕಿತ್ತಿಟ್ಟಿದ್ದ ಒಂದು ಹಲ್ಲನ್ನು ಮೇಣದಲ್ಲಿ ನಿಲ್ಲಿಸಿ, ಅದರ ಹಿಂದೆ ಇನ್ನೊಂದು ಫಿಲ್ಮು.

"ಇದೆಂತ ಗೊಂಬೆಯಾಟ?" ಎಂದರು ಲೋಲಾಕ್ಷಿ.

"ಇದು ರಮಿತಾ ಅಂತ ತಿಳ್ಕೊಳ್ಳಿ. ಮೇಲಿನದು ಬಾಯಿ, ದಿಂಬು ಹೊಟ್ಟೆ. ಆವತ್ತು ಹೇಗೆ ತೆಗೆದೆನೋ ಹಾಗೇ ತೆಗೀತೇನೆ. ಕಿರಣ ಹೊಟ್ಟೆಗೆ ಹೋದರೆ ಹೊಟ್ಟೆಯ ಫಿಲ್ಮು ಕಪ್ಪಾಗ್ಬೇಕು."

ಮಷೀನಿನ ಕೈ ಕಿರುಗುಟ್ಟಿತು. ಸಾಬವ್ವ ಓಡಿದಳು. ಅವಳ ಹಿಂದೆ ಲೋಲಾಕ್ಷಿಯೂ ಓಡಿದರು. ಗೋಡೆಯಾಚೆ ನಿಂತು ಜಯಲತಾ ಎರಡು ಸಲ ಗುಂಡಿ ಒತ್ತಿದಳು. ಆಮೇಲೆ ತೋಳು ತೂರಿಸಿ ಕೆಲಸ ಮಾಡುವ ಕಪ್ಪು ಪೆಟ್ಟಿಗೆಯೊಳಗೆ ಎರಡೂ ಫಿಲ್ಮುಗಳನ್ನು ಮದ್ದುನೀರಿನಲ್ಲಿ ಅದ್ದಿ, ತೊಳೆದು, ಕಿಟಕಿಯ ಬೆಳಕಿಗೆ ಹಿಡಿದಳು. ಒಂದರಲ್ಲಿ ಹಲ್ಲು, ಬೇರು ಎಲ್ಲ ಸ್ಪಷ್ಟ. ಇನ್ನೊಂದು ಬಾವಿಯ ತಿಳಿನೀರಿನ ಹಾಗೆ. ಅದರ ಮೂಲಕ ನೋಡಿದರೆ ಎದುರಿನ ಸೊಸೈಟಿ ಬಿಲ್ಡಿಂಗಿನ ಬಾಲ್ಕನಿಯಲ್ಲಿ ಒಣಗಲು ಹಾಕಿದ ಸೀರೆಯ ಬುಟ್ಟಾ ಕೂಡ ಕಾಣುತ್ತಿತ್ತು.

ಲೋಲಾಕ್ಷಿ ಕಣ್ಣು ಕಿರಿದು ಮಾಡಿ ನೋಡಿದರು. ತಿರುಗಿಸಿ ನೋಡಿದರು. ಆಮೇಲೆ ಮೇಜಿನ ಮೇಲಿಟ್ಟರು.

"ಡಾಕ್ಟ್ರೇ, ಪೆಟ್ಟಿಗೆ ನಿಮ್ಮದು, ನೀರು ನಿಮ್ಮದು, ಕೈ ನಿಮ್ಮದು. ನಾನು ಹೋಟೆಲಿನವರ ಮನೆಯ ಹೆಂಗಸು. ಗಿರಾಕಿಯ ಎದುರು ಬೇಕಾದ ಹಾಗೆ ಹಾಲು ಎತ್ತಿ ಸುರಿದು ತೋರಿಸುವುದು ನಂಗೆ ಹೊಸತಲ್ಲ."

ಜಯಲತಾಳಿಗೆ ನಗು ಬಂತು, ಅಳುವೂ ಬಂತು. "ಮತ್ತೆ ಎಂತ ಮಾಡಿದ್ರೆ ನಂಬ್ತೀರಿ?"

"ನೀವೂ ನಮ್ಮ ಕಡೆಯವರೇ. ಕಟಪಾಡಿಗೆ ಬಂದು, ದೈವದ ಎದುರು ನಿಂತು, ಮಗು ಸರಿಯಾಗಿಯೇ ಹುಟ್ತದೆ ಅಂತ ಹೇಳ್ತೀರಾ?"

ತುಳುನಾಡಿನವರಿಗೆ ಇದಕ್ಕಿಂತ ದೊಡ್ಡ ಕೋರ್ಟಿಲ್ಲ. ಅಲ್ಲಿ ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ, ಸುಳ್ಳಾದರೆ ಆಡಿದವನ ಮನೆತನಕ್ಕೇ ಬರುತ್ತದೆ ಎಂದು ಕೇಳಿ ಬೆಳೆದವಳು ಜಯಲತಾ. ಹೂಂ ಎಂದರೆ ಲೋಲಾಕ್ಷಿ ಈ ಕ್ಷಣವೇ ಕಲ್ಯಾಣಿನ ಯೋಚನೆ ಬಿಡುತ್ತಾರೆ. ಒಂದು ಹೂಂ, ಒಂದು ಜೀವ. ಅಂದುಬಿಡಲೇ ಎಂದು ನಾಲಗೆಯ ತುದಿಗೆ ಬಂತು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿದ ಮೇಲೆ ತನಗೂ ಮೇಲಿನ ಮನೆಯ ಕಾಕೂಗೂ ಏನು ವ್ಯತ್ಯಾಸ?

"ಲೋಲಾಕ್ಷಕ್ಕ, ನಂಗೆ ಎಷ್ಟು ಗೊತ್ತೋ ಅಷ್ಟೇ ಹೇಳ್ತೇನೆ. ಈ ಹಲ್ಲಿನ ಫೋಟೋದಿಂದ ಮಗುವಿಗೆ ತೊಂದರೆ ಇಲ್ಲ. ಸುಮ್ಮನೆ ಮನೆಯಲ್ಲಿ ಕೂತರೂ ಮಣ್ಣಿನಿಂದ, ಕಲ್ಲಿನಿಂದ, ಆಕಾಶದಿಂದ ದಿನಾ ನಮ್ಮ ಮೈಗೆ ಒಂಚೂರು ಕಿರಣ ಬರ್ತಾ ಇರ್ತದೆ. ಆವತ್ತು ಅವಳ ಹೊಟ್ಟೆಗೆ ಹೋಗಿದ್ರೆ ಅದಕ್ಕಿಂತ ಕಡಿಮೆ. ಇದನ್ನು ಯಾವ ದೈವದ ಎದುರೂ ಹೇಳ್ತೇನೆ, ಇವತ್ತೇ ಗಾಡಿ ಹತ್ತಿ ಅಂದ್ರೂ ಹತ್ತುತ್ತೇನೆ. ಮಗು ಸರಿಯಾಗಿಯೇ ಹುಟ್ತದೆ ಅಂತ ಮಾತ್ರ ಹೇಳಲಾರೆ. ಫೋಟೋ ತೆಗೆದ ಮಗುವಿನ ಬಗ್ಗೆಯೂ ಹೇಳಲಾರೆ, ತೆಗೆಯದ ಮಗುವಿನ ಬಗ್ಗೆಯೂ ಹೇಳಲಾರೆ. ನನ್ನ ಮಗಳು ಹುಟ್ಟುವಾಗಲೂ ನಂಗೆ ಗೊತ್ತಿರ್ಲಿಲ್ಲ. ಯಾರಿಗೆ ಗೊತ್ತಿರ್ತದೆ ಹೇಳಿ?"

ಲೋಲಾಕ್ಷಿ ಮೇಜಿನ ಮೇಲಿನ ಫಿಲ್ಮನ್ನು ಎತ್ತಿ ಮತ್ತೆ ಬೆಳಕಿಗೆ ಹಿಡಿದರು. ಕೆಳಗಿನ ಅಂಗಡಿಯಿಂದ ಸೇವು ಕರಿಯುವ ವಾಸನೆ ಮೇಲೆ ಬರುತ್ತಿತ್ತು.

"ಕಾಕೂ ಎಲ್ಲ ಗೊತ್ತಿದ್ದವಳ ಹಾಗೆ ಹೇಳಿದ್ಳು" ಎಂದರು ಕೊನೆಗೆ. "ನೀವು ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ ಅಂತೀರಿ." ಫಿಲ್ಮನ್ನು ಕೆಳಗಿಟ್ಟು, "ಆವತ್ತು ನಾನೇ ಬಾಯಿಬಿಟ್ಟು ಹೇಳಿದ್ರೆ ನೀವು ಆ ಫೋಟೋ ತೆಗೀತಿರ್ಲಿಲ್ಲ ಅಲ್ವಾ?"

ಓ, ಇದು ಗಾಯ. ಇಷ್ಟು ದಿನ ಕೀವು ತುಂಬಿದ್ದು ಇಲ್ಲಿ. ಸಿಟ್ಟೆಲ್ಲ ಬರೀ ಮೇಲಿನ ಊತ. ಜಯಲತಾಳಿಗೆ ಈಗ ಅದು ಕಂಡಿತು.

"ತೆಗೀತಿದ್ದೆ" ಎಂದಳು.

"ಆಂ?"

"ಬಸುರಿ ಅಂತ ಗೊತ್ತಿದ್ರೂ ತೆಗೀತಿದ್ದೆ. ಇನ್ನೂ ಹುಷಾರಿನಿಂದ, ಒಂದರಲ್ಲೇ ಮುಗಿಸ್ಲಿಕ್ಕೆ ನೋಡ್ತಿದ್ದೆ. ಕೀವು ಗಂಟಲಿಗೆ ಇಳಿದಿದ್ರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಬದಲಾಗ್ತಾ ಇದ್ದದ್ದು ಮಾತ್ರೆ. ಬೇರೆಯವರಿಗಾದರೆ ಅಂಥ ನೋವಿಗೆ ಜೋರಿನದ್ದೇ ಬರೀತೇನೆ. ಬಸುರಿಗೆ ಅದು ಆಗುವುದಿಲ್ಲ. ಆದರೆ ನಾನು ಆವತ್ತು ಬರೀಲಿಲ್ಲ. ಯಾಕೆ ಗೊತ್ತುಂಟಾ? ಪಿತ್ತ ಕಾರ್ತಾಳೆ, ಜೋರಿನ ಮಾತ್ರೆ ಬೇಡ ಅಂತ ಯಾರೋ ಒಬ್ಬರು ಹೇಳಿದ್ರಲ್ಲ."

ಲೋಲಾಕ್ಷಿ ಕುರ್ಚಿಯ ಮೇಲಿನ ದಿಂಬನ್ನು ಎಳೆದುಕೊಂಡರು. "ದೈವಕ್ಕೆ ಹೇಳದೆ ನಿಮಗೆ ಹೇಗೆ ಹೇಳುವುದು? ಹೇಳದೆ ಬಿಡುವುದು ಹೇಗೆ? ಅದಕ್ಕೇ ಪಿತ್ತ ಅಂದದ್ದು."

"ನೀವು ಹೇಳಿದ್ರಿ ಅಕ್ಕ. ಕೇಳಿಸ್ಕೊಳ್ಳದ್ದು ನಾನು."

ಆಗ ಲೋಲಾಕ್ಷಿ ಅತ್ತರು. ಗಂಡ ಸತ್ತಾಗಲೂ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತ ಹೆಂಗಸು, ಹಲ್ಲಿನ ಕುರ್ಚಿಯ ದಿಂಬನ್ನು ತಬ್ಬಿಕೊಂಡು ಜೋರಾಗಿ ಅತ್ತರು. ಬಾಗಿಲಿನಿಂದ ಇಣುಕಿದ ಸಾಬವ್ವ, "ಅಯ್ಯ ಯವ್ವಾ, ಯಾವ ಹಲ್ಲು ಕಿತ್ತಿರಿ?" ಎಂದು ಕೇಳಿ ಬೈಸಿಕೊಂಡಳು.

ಮರುದಿನ ಬೆಳಿಗ್ಗೆ ಜಯಲತಾ ದವಾಖಾನೆ ತೆರೆಯಲಿಲ್ಲ. ಅತ್ತೆ ಸೊಸೆಯರನ್ನು ಕರೆದುಕೊಂಡು ಕಲ್ಯಾಣಿನ ಗಾಡಿಯನ್ನು ಬಿಟ್ಟು ಥಾಣೆಯ ಗಾಡಿ ಹತ್ತಿದಳು. ಅಲ್ಲಿ ಅವಳ ಗೆಳತಿ ಸುಮೇಧಾ ಹೆರಿಗೆಯ ಡಾಕ್ಟರು. ಸುಮೇಧಾ ಎಲ್ಲ ಕೇಳಿ, ಪರೀಕ್ಷೆ ಮಾಡಿ, ಜಯಲತಾ ಹೇಳಿದ್ದನ್ನೇ ಹೇಳಿ, ಮಗುವಿನ ಎದೆಬಡಿತವನ್ನು ಪರದೆಯ ಮೇಲೆ ತೋರಿಸಿದರು. ಲೋಲಾಕ್ಷಿ ಆ ಮಿಣುಕುವ ಚುಕ್ಕಿಗೆ ಚಪ್ಪಲಿ ಬಿಚ್ಚಿ ಕೈಮುಗಿದರು. ಆಮೇಲೆ ಗಾಬರಿಯಾಗಿ, "ಇದೂ ಕಿರಣವಾ?" ಎಂದು ಕೇಳಿದರು. "ಇಲ್ಲ ಅಮ್ಮ, ಇದು ಬರೀ ಸದ್ದು. ನೀವು ನಮ್ಮನ್ನು ಕೂಗಿ ಕರೆದ ಹಾಗೆ" ಎಂದರು ಸುಮೇಧಾ.

ಮೂರು ತಿಂಗಳು ತುಂಬಿದ ಮೇಲೆ ಅವರು ಊರಿಗೆ ಹೋಗಿ ಬಂದರು. ಜಯಲತಾಳನ್ನು ಯಾರೂ ಗಾಡಿ ಹತ್ತಿಸಲಿಲ್ಲ. ನಿಮ್ಮ ಮಾತನ್ನು ನಾನೇ ಅಲ್ಲಿ ಮುಟ್ಟಿಸಿದೆ, ಎಷ್ಟು ಗೊತ್ತಿಲ್ಲ ಎಂಬುದನ್ನೂ ಸೇರಿಸಿ, ಎಂದರು ಲೋಲಾಕ್ಷಿ.

ಐದನೆಯ ತಿಂಗಳಲ್ಲಿ ರಮಿತಾ ಹಲ್ಲಿಗೆ ಬಂದಳು. ಲೋಲಾಕ್ಷಿ ಬಾಗಿಲಲ್ಲೇ ನಿಂತರು. "ನಾನು ಒಳಗೆ ಬರುವುದಿಲ್ಲ. ನನ್ನ ಎದುರು ಕೇಳಿದ್ರೆ ಅವಳು ನಿಜ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ." ಅಂದಿನಿಂದ ಜಯಲತಾಳ ದವಾಖಾನೆಯಲ್ಲಿ ಅದೇ ಪದ್ಧತಿಯಾಯಿತು. ಅತ್ತೆ, ಗಂಡ, ತಾಯಿ, ಯಾರೇ ಇರಲಿ, ಮೊದಲು ಹೊರಗೆ. ಮಹಾರಾಣಿಯ ಅತ್ತೆಯಾದರೂ ಹೊರಗೆ. ಅವರನ್ನು ಕಳಿಸುವ ಕೆಲಸ ಸಾಬವ್ವನದು, ಅದರಲ್ಲಿ ಅವಳಿಗೆ ಬಹಳ ಸಂತೋಷ.

ಒಳಗೆ ಜಯಲತಾ ರಮಿತಾಳ ಬೇರು ತೊಳೆದಳು, ಒಳಗೆ ಮದ್ದಿಟ್ಟಳು.

"ಫೋಟೋ ತೆಗೀರಿ ಅಕ್ಕ" ಎಂದಳು ರಮಿತಾ. ಅವಳಾಗಿಯೇ ಆಡಿದ ಮಾತು. "ಬೇರಿನ ಉದ್ದ ನೋಡ್ಬೇಕು ಅಂದಿದ್ರಲ್ಲ. ನಂಗೀಗ ಹೆದರಿಕೆ ಇಲ್ಲ."

ಜಯಲತಾ ಯೋಚಿಸಿದಳು. ಕೀವು ನಿಂತಿತ್ತು, ತಟ್ಟಿದರೆ ನೋವಿಲ್ಲ, ಹಲ್ಲು ಶಾಂತವಾಗಿತ್ತು. ಮುಚ್ಚಳ ಹಾಕಿಟ್ಟರೆ ಹೆರಿಗೆಯವರೆಗೆ ಸುಮ್ಮನೆ ಕೂರುವ ಹಲ್ಲು.

"ಹೆದರಿಕೆ ಇಲ್ಲ ಅಂತ ತೆಗೀಲಿಕ್ಕೂ ಇಲ್ಲ, ಹೆದರಿಕೆ ಉಂಟು ಅಂತ ಬಿಡ್ಲಿಕ್ಕೂ ಇಲ್ಲ ಮಗಾ. ಆವತ್ತು ಬೇಕಿತ್ತು, ಇವತ್ತು ಬೇಡ. ನೋವು ಬಂದ್ರೆ ಓಡಿ ಬಾ, ಆಗ ತೆಗೀತೇನೆ. ಇಲ್ಲದಿದ್ರೆ ಹೆತ್ತ ಮೇಲೆ ನೋಡುವಾ."

ಹೊರಗೆ ಲೋಲಾಕ್ಷಿಗೆ ನಿರಾಸೆಯಾಯಿತು. "ಅಯ್ಯೋ, ತೆಗೀಲಿಲ್ವಾ? ತೆಗೆದ್ರೆ ಏನೂ ಆಗುವುದಿಲ್ಲ ಅಂತ ನಾನು ಇಲ್ಲಿ ಬೆಂಚಿನವರಿಗೆಲ್ಲ ಹೇಳಿಟ್ಟಿದ್ದೆ ಮಾರಾಯ್ರೆ!"

ಹೆಣ್ಣು ಮಗು ಹುಟ್ಟಿತು. ಎರಡು ಕೈ, ಎರಡು ಕಾಲು, ಮತ್ತು ಅಜ್ಜಿಯ ಗಂಟಲು. ಬಾಣಂತನ ಮುಗಿಸಿ ರಮಿತಾ ಹಲ್ಲಿನ ಉಳಿದ ಕೆಲಸಕ್ಕೆ ಬಂದ ದಿನ, ಜಯಲತಾ ಅವಳಿಗೆ ಏಪ್ರನ್ ಹೊದಿಸಿ ಮಷೀನಿನ ಕೈ ಎಳೆದಳು. ಸಾಬವ್ವ ಎಂದಿನಂತೆ ಮೆಟ್ಟಿಲ ತುದಿಗೆ ಓಡಿದಳು. ನೋಡಿದರೆ ಲೋಲಾಕ್ಷಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅದಾಗಲೇ ಕೆಳಗಿಳಿದು, ಫರಸಾಣದ ಅಂಗಡಿ ದಾಟಿ, ರಿಕ್ಷಾ ಸ್ಟ್ಯಾಂಡಿನ ಹತ್ತಿರ ನಿಂತಿದ್ದರು.

"ಯಾಕ್ರೀ ಅಮ್ಮಾರ, ಏನೂ ಆಗೂದಿಲ್ಲ ಅಂತ ಊರಿಗೆಲ್ಲ ಹೇಳಾವ್ರು ನೀವು, ಅಲ್ಲೀತನ ಹೋಗೀರಿ?" ಎಂದು ಸಾಬವ್ವ ಮೇಲಿಂದ ಕೂಗಿದಳು.

"ಡಾಕ್ಟ್ರ ಮೇಲೆ ನಂಗೆ ಪೂರಾ ನಂಬಿಕೆ ಉಂಟು!" ಲೋಲಾಕ್ಷಿ ಅಲ್ಲಿಂದಲೇ ಕೂಗಿ ಹೇಳಿದರು. "ಮಗುವಿಗೆ ಸ್ವಲ್ಪ ಗಾಳಿ ಬೇಕಿತ್ತು, ಅಷ್ಟೆ. ತೆಗೆದು ಆಯ್ತಾ? ಆದ್ರೆ ಹೇಳು, ಬರ್ತೇನೆ."